ಸೋತರೂ ಸಭೆ ಬಿಟ್ಟು ಹೋಗದ ನಾಯಕ: ಖಾಇದೆ ಮಿಲ್ಲತ್ ಇಸ್ಮಾಯಿಲ್ ಸಾಹೇಬ್

ಪ್ರಜಾಪ್ರಭುತ್ವದಲ್ಲಿ ಗೆಲ್ಲೋದನ್ನು ಎಲ್ಲರೂ ಕಲೀತಾರೆ. ಸೋಲೋದನ್ನು ಕಲಿತವರು ಕಮ್ಮಿ. ಖಾಇದೆ ಮಿಲ್ಲತ್ ಎಂದೇ ಹೆಸರಾದ ಮರ್‌ಹೂಂ ಮುಹಮ್ಮದ್ ಇಸ್ಮಾಯಿಲ್ ಸಾಹೇಬರು ಆ ಕಮ್ಮಿ ಜನರಲ್ಲಿ ಒಬ್ಬರು.

ಹುಟ್ಟಿದ್ದು 1896ರ ಜೂನ್ 5, ತಿರುನೆಲ್ವೇಲಿಯಲ್ಲಿ. ಅಸಹಕಾರ ಚಳವಳಿಯ ಕಾಲಕ್ಕೆ ಕಾಲೇಜು ಬಿಟ್ಟರು. ಆಮೇಲೆ ಮದರಾಸಿನಲ್ಲಿ ಚರ್ಮದ ವ್ಯಾಪಾರ, ಜೊತೆಗೆ ರಾಜಕೀಯ. 1946ರಿಂದ ಮದರಾಸು ಶಾಸನಸಭೆಯಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದರು. ಆಗ ಮಂಗಳೂರು, ಕಾಸರಗೋಡು ಎರಡೂ ಮದರಾಸು ಪ್ರಾಂತ್ಯದಲ್ಲೇ ಇದ್ದವು. ಬ್ಯಾರಿಗಳ ಕರಾವಳಿಗೂ ಅದೇ ಶಾಸನಸಭೆ.

ದೇಶ ವಿಭಜನೆಯಾದ ಮೇಲೆ ಮುಸ್ಲಿಮರಿಗೆ ಪ್ರತ್ಯೇಕ ಪಕ್ಷ ಬೇಡ, ಲೀಗನ್ನು ವಿಸರ್ಜಿಸಿಬಿಡಿ ಎಂಬ ಒತ್ತಡ ಜೋರಾಗಿತ್ತು. ಸಮುದಾಯದೊಳಗೇ ಹಾಗೆ ಹೇಳುವವರಿದ್ದರು. ಆದರೆ 1948ರ ಮಾರ್ಚ್ 10ರಂದು ಮದರಾಸಿನಲ್ಲಿ ಸೇರಿದ ಸಭೆ, ಭಾರತದ ಸಂವಿಧಾನಬದ್ಧ ದಾರಿಯಲ್ಲೇ ಪಕ್ಷ ಮುಂದುವರಿಸಲು ತೀರ್ಮಾನಿಸಿತು. ಅದರ ಚುಕ್ಕಾಣಿ ಹಿಡಿದವರು ಇಸ್ಮಾಯಿಲ್ ಸಾಹೇಬರು.

ಸಂವಿಧಾನ ಸಭೆಯಲ್ಲಿ ಅವರದ್ದು ಸಣ್ಣ ಗುಂಪು. 1948ರ ನವೆಂಬರಿನಲ್ಲಿ ಏಕರೂಪ ನಾಗರಿಕ ಸಂಹಿತೆಯ ಚರ್ಚೆ ಬಂದಾಗ, ಯಾವ ಸಮುದಾಯವನ್ನೂ ತನ್ನ ವೈಯಕ್ತಿಕ ಕಾನೂನು ಬಿಡುವಂತೆ ಒತ್ತಾಯಿಸಬಾರದು ಎಂಬ ತಿದ್ದುಪಡಿ ತಂದರು. ಬಿದ್ದುಹೋಯ್ತು. 1949ರ ಮೇ ತಿಂಗಳಲ್ಲಿ ಪ್ರತ್ಯೇಕ ಮತಕ್ಷೇತ್ರ ಉಳಿಸಿ ಎಂದು ಕೇಳಿದರು. ಸರ್ದಾರ್ ಪಟೇಲರು ಕಟುವಾಗಿ ವಿರೋಧಿಸಿದರು. ಬೇಗಂ ಐಝಾಝ್ ರಸೂಲ್ ಅವರಂಥ ಮುಸ್ಲಿಂ ಸದಸ್ಯರೂ ಒಪ್ಪಲಿಲ್ಲ. ಅದೂ ಬಿದ್ದುಹೋಯ್ತು.

ಆಗ ಸಾಹೇಬರು ಮುನಿಸಿಕೊಂಡು ಮನೆಯಲ್ಲಿ ಕೂರಲಿಲ್ಲ. ಬಹಿಷ್ಕಾರದ ಮಾತಾಡಲಿಲ್ಲ. ತಾನು ವಿರೋಧಿಸಿದ್ದ ಅದೇ ಜಂಟಿ ಮತಪದ್ಧತಿಯಲ್ಲಿ ಚುನಾವಣೆಗೆ ನಿಂತರು. 1952ರಿಂದ 58ರವರೆಗೆ ರಾಜ್ಯಸಭೆಯಲ್ಲಿದ್ದರು. 1962, 1967, 1971, ಮೂರು ಸಲವೂ ಕೇರಳದ ಮಂಜೇರಿಯಿಂದ ಲೋಕಸಭೆಗೆ ಗೆದ್ದರು. ತಮಿಳು ಮಾತಾಡುವ ಮನುಷ್ಯನನ್ನು ಮಲಯಾಳಿ ಮತದಾರರು ಕೈಬಿಡಲಿಲ್ಲ.

ಒಂಟಿಯಾಗಿ ನಿಂತರೆ ಏನೂ ಆಗದು ಅಂತ ಅವರಿಗೆ ಗೊತ್ತಿತ್ತು. ಕೇರಳದಲ್ಲಿ 1960ರಲ್ಲಿ ಕಾಂಗ್ರೆಸ್, ಪಿಎಸ್‌ಪಿ ಜೊತೆಗೆ ಮೈತ್ರಿ ಆಯ್ತು. ಸ್ಪೀಕರ್ ಸ್ಥಾನ ಸಿಕ್ಕಿತೇ ಹೊರತು ಮಂತ್ರಿಗಿರಿ ಸಿಗಲಿಲ್ಲ. 1967ರಲ್ಲಿ ಕಮ್ಯುನಿಸ್ಟರ ಜೊತೆ ಏಳು ಪಕ್ಷಗಳ ಕೂಟ ಸೇರಿದಾಗ ಸಿ.ಎಚ್. ಮುಹಮ್ಮದ್ ಕೋಯಾ ಶಿಕ್ಷಣ ಮಂತ್ರಿಯಾದರು. ಅದೇ ವರ್ಷ ಮದರಾಸಿನಲ್ಲಿ ಡಿಎಂಕೆಗೆ ಬೆಂಬಲ. ಅಧಿಕಾರಕ್ಕಾಗಿ ಯಾರ ಜೊತೆ ಬೇಕಾದರೂ ಹೋಗ್ತಾರೆ ಎಂಬ ಟೀಕೆಗೆ ಈ ಮೈತ್ರಿಗಳು ದಾರಿ ಮಾಡಿಕೊಟ್ಟದ್ದೂ ನಿಜ.

1972ರ ಏಪ್ರಿಲ್ 5ರಂದು ಸಾಹೇಬರು ಇಹಲೋಕ ತ್ಯಜಿಸಿದರು. ಆಗಲೂ ಲೋಕಸಭಾ ಸದಸ್ಯರೇ ಆಗಿದ್ದರು. ಮದರಾಸಿನ ತಿರುವಲ್ಲಿಕೇಣಿಯ ವಾಲಾಜಾ ದೊಡ್ಡ ಮಸೀದಿಯ ಆವರಣದಲ್ಲಿ ಅವರ ಖಬರ್ ಇದೆ.

ಅವರ ಎಲ್ಲ ಬೇಡಿಕೆಗಳನ್ನೂ ಇಂದಿನ ಯುವಕರು ಒಪ್ಪಬೇಕೆಂದಿಲ್ಲ. ಆದರೆ ನಮ್ಮ ಒಂದು ವೋಟಿನಿಂದ ಏನಾಗ್ತದೆ ಅಂತ ಮತದಾನದ ದಿನ ಮನೆಯಲ್ಲಿ ಮಲಗುವವರು ಈ ಬದುಕನ್ನೊಮ್ಮೆ ನೋಡಬೇಕು. ಸಭೆಯಲ್ಲಿ ಸೋತವನಿಗೆ ಮತ್ತೆ ಮಾತಾಡುವ ಅವಕಾಶ ಉಂಟು. ಸಭೆಗೇ ಬಾರದವನಿಗೆ ಅದೂ ಇಲ್ಲ.