ಬಿರುಗಾಳಿಗೆ ಮುನ್ನ ಎಚ್ಚರಿಸಿದ ನೌಕಾಧಿಪತಿ: ರಾಬರ್ಟ್ ಫಿಟ್ಜ್‌ರಾಯ್

ಕವಿದ ಮೋಡವನ್ನು ನೋಡಿ ಮಳೆ ಬರುವುದೆಂದು ಹೇಳಬಲ್ಲವರು ಊರಿಗೆ ಹತ್ತು ಮಂದಿ ಇರುತ್ತಾರೆ. ಗಾಳಿಯ ದಿಕ್ಕು, ಇರುವೆಗಳ ಸಾಲು, ಚಂದ್ರನ ಸುತ್ತಲಿನ ಕಣ ಇವುಗಳಿಂದ ನಾಳಿನ ಹವೆಯನ್ನು ಊಹಿಸುವುದು ಒಕ್ಕಲಿಗನಿಗೂ ಅಂಬಿಗನಿಗೂ ಪರಂಪರೆಯಿಂದ ಬಂದ ವಿದ್ಯೆ. ಆದರೆ ಆಕಾಶವು ನಿರ್ಮಲವಾಗಿರುವಾಗಲೇ, ನೂರಾರು ಮೈಲಿಗಳಾಚೆ ಹುಟ್ಟಿದ ಬಿರುಗಾಳಿಯು ಇತ್ತ ಬರುತ್ತಲಿದೆ ಎಂಬುದನ್ನು ಅರಿತು, ಕಡಲತೀರದ ಜನರನ್ನು ಕಾಲಕ್ಕೆ ಸರಿಯಾಗಿ ಎಚ್ಚರಿಸುವ ಕಾರ್ಯವು ಇತ್ತೀಚಿನದು. ಆ ಕಾರ್ಯವನ್ನು ಒಂದು ದೇಶದ ಸರಕಾರದ ಕರ್ತವ್ಯವನ್ನಾಗಿ ಮಾಡಿ, ಅದಕ್ಕಾಗಿ ತನ್ನ ಧನವನ್ನೂ ಆರೋಗ್ಯವನ್ನೂ ಸವೆಸಿದವನು ಇಂಗ್ಲೆಂಡಿನ ನೌಕಾಧಿಕಾರಿ ರಾಬರ್ಟ್ ಫಿಟ್ಜ್‌ರಾಯ್.

ಫಿಟ್ಜ್‌ರಾಯ್ 1805ನೆಯ ಇಸವಿಯ ಜುಲೈ 5ರಂದು ಸಫೋಕ್ ಪ್ರಾಂತದ ಆಂಪ್ಟನ್ ಎಂಬಲ್ಲಿ ಜನಿಸಿದನು. ಅವನದು ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನಿಂದ ಇಳಿದುಬಂದ ಶ್ರೀಮಂತ ಮನೆತನ. ತಾಯಿಯು ಎಳವೆಯಲ್ಲಿಯೇ ತೀರಿಕೊಂಡಳು. ಹನ್ನೆರಡನೆಯ ವಯಸ್ಸಿನಲ್ಲಿ ಪೋರ್ಟ್ಸ್‌ಮತ್‌ನ ನೌಕಾ ವಿದ್ಯಾಲಯವನ್ನು ಸೇರಿದ ಬಾಲಕನು ಗಣಿತ, ಖಗೋಳ, ನಕ್ಷೆ ಬರೆಯುವ ಕಲೆಗಳಲ್ಲಿ ಪಾರಂಗತನಾಗಿ, 1824ರ ಪರೀಕ್ಷೆಯಲ್ಲಿ ಪೂರ್ಣಾಂಕಗಳನ್ನು ಪಡೆದು ತೇರ್ಗಡೆಯಾದನು. 1828ರ ಕೊನೆಯಲ್ಲಿ, ಇಪ್ಪತ್ತಮೂರರ ಹರೆಯದಲ್ಲಿ, ದಕ್ಷಿಣ ಅಮೆರಿಕದ ಕರಾವಳಿಯನ್ನು ಅಳೆಯುತ್ತಿದ್ದ ಬೀಗಲ್ ಎಂಬ ಹಡಗಿನ ನಾಯಕತ್ವವು ಅವನಿಗೆ ಲಭಿಸಿತು. ಆ ಪದವಿಯು ಬಂದ ಸಂದರ್ಭ ಶುಭಕರವಾದುದಾಗಿರಲಿಲ್ಲ. ಹಿಂದಿನ ನಾಯಕನು ಏಕಾಂತದ ದುಃಖವನ್ನು ತಾಳಲಾರದೆ ಪ್ರಾಣವನ್ನು ಕಳೆದುಕೊಂಡಿದ್ದನು.

ಅಧಿಕಾರ ವಹಿಸಿದ ಕೆಲವೇ ವಾರಗಳಲ್ಲಿ, 1829ರ ಜನವರಿಯಲ್ಲಿ, ಲಾ ಪ್ಲಾಟಾ ನದೀಮುಖದ ಬಳಿ ಪ್ರಕೃತಿಯು ಅವನಿಗೆ ಮೊದಲ ಪಾಠವನ್ನು ಕಲಿಸಿತು. ಹಡಗಿನ ವಾಯುಭಾರಮಾಪಕದಲ್ಲಿ ಪಾದರಸವು ಇಳಿಯುತ್ತಲಿತ್ತು. ತರುಣ ನಾಯಕನು ಅದಕ್ಕೆ ತಕ್ಕ ಗಮನವನ್ನು ಕೊಡಲಿಲ್ಲ. ಪಂಪೇರೋ ಎಂದು ಆ ಸೀಮೆಯವರು ಕರೆಯುವ ಉಗ್ರವಾದ ಗಾಳಿಯು ಹುಲ್ಲುಗಾವಲುಗಳ ಕಡೆಯಿಂದ ಎದ್ದು ಬಂದು ಹಡಗನ್ನು ಮಗುಚುವಷ್ಟು ಓರೆಯಾಗಿಸಿತು. ಕೂವೆಕಂಬಗಳು ಮುರಿದವು, ಇಬ್ಬರು ನಾವಿಕರು ಕಡಲುಪಾಲಾದರು. ಯಂತ್ರವು ಎಚ್ಚರಿಸಿದ್ದರೂ ಮನುಷ್ಯನು ಎಚ್ಚರಗೊಳ್ಳಲಿಲ್ಲವೆಂಬ ಅಳಲು ಅವನ ಎದೆಯಲ್ಲಿ ಬಾಳಿನುದ್ದಕ್ಕೂ ಉಳಿಯಿತು.

ವಾಯುಭಾರಮಾಪಕದ ತತ್ತ್ವವು ಸರಳವಾದುದು. ಗಾಳಿಗೂ ಭಾರವುಂಟು. ಇಟಲಿಯ ಟೊರಿಚೆಲ್ಲಿಯು ಹದಿನೇಳನೆಯ ಶತಮಾನದಲ್ಲಿ ಪಾದರಸ ತುಂಬಿದ ಗಾಜಿನ ನಳಿಕೆಯನ್ನು ಪಾದರಸದ ಬಟ್ಟಲಿನಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಹೊರಗಿನ ಗಾಳಿಯ ಒತ್ತಡವು ಆ ಪಾದರಸವನ್ನು ಸುಮಾರು 76 ಸೆಂಟಿಮೀಟರ್ ಎತ್ತರಕ್ಕೆ ಹಿಡಿದು ನಿಲ್ಲಿಸುತ್ತದೆಂದು ತೋರಿಸಿದನು. ಒಂದೆಡೆ ಗಾಳಿಯ ಒತ್ತಡ ಕುಗ್ಗಿದರೆ ಸುತ್ತಲಿನ ಗಾಳಿಯು ಅಲ್ಲಿಗೆ ನುಗ್ಗುತ್ತದೆ. ಭೂಮಿಯು ತಿರುಗುತ್ತಿರುವುದರಿಂದ ಹಾಗೆ ನುಗ್ಗುವ ಗಾಳಿಯು ನೇರವಾಗಿ ಸಾಗದೆ ಸುಳಿಯಾಗುತ್ತದೆ. ಉತ್ತರಾರ್ಧಗೋಲದಲ್ಲಿ ಈ ಸುಳಿಯು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿಯೂ ದಕ್ಷಿಣಾರ್ಧದಲ್ಲಿ ಅದಕ್ಕೆ ಅನುಸಾರವಾಗಿಯೂ ತಿರುಗುವುದು. ಆದುದರಿಂದ ಪಾದರಸವು ಮೆಲ್ಲಮೆಲ್ಲನೆ ಇಳಿದರೆ ಬಹುಕಾಲದ ಕೆಟ್ಟ ಹವೆಯನ್ನೂ, ಥಟ್ಟನೆ ಇಳಿದರೆ ಸಮೀಪಿಸಿದ ಬಿರುಗಾಳಿಯನ್ನೂ ನಿರೀಕ್ಷಿಸಬೇಕು.

1831ರ ಡಿಸೆಂಬರ್ 27ರಂದು ಬೀಗಲ್ ಮತ್ತೊಮ್ಮೆ ಯಾತ್ರೆಗೆ ಹೊರಟಿತು. ಹಿಂದಿನ ನಾಯಕನನ್ನು ಬಲಿತೆಗೆದುಕೊಂಡ ಒಂಟಿತನವನ್ನು ನೆನೆದು, ಫಿಟ್ಜ್‌ರಾಯ್ ವಿದ್ಯಾವಂತನಾದ ಒಬ್ಬ ಸಂಗಾತಿಯನ್ನು ಅರಸಿದನು. ಹಾಗೆ ಬಂದ ತರುಣನೇ ಚಾರ್ಲ್ಸ್ ಡಾರ್ವಿನ್. ಐದು ವರ್ಷಗಳ ಆ ಪ್ರಯಾಣವು ಡಾರ್ವಿನ್ನನಿಗೆ ಜಗತ್ಪ್ರಸಿದ್ಧಿಯನ್ನು ತಂದಿತು. ಫಿಟ್ಜ್‌ರಾಯ್ ರಚಿಸಿದ ನಕ್ಷೆಗಳಾದರೋ ತಲೆಮಾರುಗಳವರೆಗೆ ನಾವಿಕರಿಗೆ ಊರುಗೋಲಾದವು. ಗಾಳಿಯ ಬಲವನ್ನು ಅಂಕಿಗಳಿಂದ ಸೂಚಿಸುವ ಬ್ಯೂಫೋರ್ಟನ ಮಾನವನ್ನು ಕ್ರಮಬದ್ಧವಾಗಿ ಬಳಸಿದುದೂ ಈ ಯಾತ್ರೆಯಲ್ಲಿಯೇ.

ಮರಳಿ ಬಂದ ಮೇಲೆ ಅವನು ಪಾರ್ಲಿಮೆಂಟಿನ ಸದಸ್ಯನಾದನು. 1843ರಿಂದ 1845ರವರೆಗೆ ನ್ಯೂಜಿಲೆಂಡಿನ ಗವರ್ನರನಾಗಿ, ಭೂಮಿಯ ವ್ಯಾಜ್ಯಗಳಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಪಕ್ಷದಲ್ಲಿಯೂ ನ್ಯಾಯವುಂಟೆಂದು ನಡೆದುಕೊಂಡು ವಲಸೆಗಾರರ ರೋಷಕ್ಕೆ ಗುರಿಯಾದನು. ಸರಕಾರವು ಅವನನ್ನು ಹಿಂದಕ್ಕೆ ಕರೆಸಿಕೊಂಡಿತು. 1852ರಲ್ಲಿ ಪತ್ನಿಯ ವಿಯೋಗವೂ ಸಂಭವಿಸಿತು. ಸೋಲು ದುಃಖಗಳೆರಡನ್ನೂ ಉಂಡ ಈ ಮನುಷ್ಯನಿಗೆ 1854ರಲ್ಲಿ ವಾಣಿಜ್ಯ ಮಂಡಲಿಯಲ್ಲಿ ಒಂದು ಚಿಕ್ಕ ಕಚೇರಿ ದೊರೆಯಿತು. ಹಡಗುಗಳಿಗೆ ಉಪಕರಣಗಳನ್ನು ಒದಗಿಸಿ, ಕಡಲಿನ ಮೇಲಿನ ಗಾಳಿ, ಉಷ್ಣತೆ, ಒತ್ತಡಗಳ ಅಂಕಿಗಳನ್ನು ಕಲೆಹಾಕುವುದಷ್ಟೇ ಅದರ ಕೆಲಸ. ಕೈಕೆಳಗೆ ಬೆರಳೆಣಿಕೆಯ ಗುಮಾಸ್ತರು. ಇಂದು ಬ್ರಿಟನ್ನಿನ ಹವಾಮಾನ ಇಲಾಖೆಯೆಂದು ಪ್ರಖ್ಯಾತವಾಗಿರುವ ಮಹಾಸಂಸ್ಥೆಯ ಬೀಜವು ಇದೇ.

ಅಂಕಿಗಳನ್ನು ಕೂಡಿಸಿಡುವುದರಿಂದ ಅವನಿಗೆ ತೃಪ್ತಿಯಾಗಲಿಲ್ಲ. ಬಡ ಬೆಸ್ತರಿಗೆ ಬ್ಯಾರೋಮೀಟರ್ ಕೊಳ್ಳುವ ಶಕ್ತಿಯಿಲ್ಲವೆಂಬುದನ್ನು ಅರಿತು, ಅಕ್ಷರಜ್ಞಾನ ಅಲ್ಪವಾಗಿದ್ದವರೂ ಓದಿಕೊಳ್ಳಬಹುದಾದ ಸರಳವಾದ ಮಾಪಕವನ್ನು ರೂಪಿಸಿ, ಸಣ್ಣ ಸಣ್ಣ ಬಂದರುಗಳಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಅದನ್ನು ನಿಲ್ಲಿಸುವ ಏರ್ಪಾಡು ಮಾಡಿದನು.

ಆಗ ಬಂದಿತು 1859ರ ಅಕ್ಟೋಬರ್ ಕೊನೆಯ ಮಹಾವಿಪತ್ತು. ಆಸ್ಟ್ರೇಲಿಯದ ಮೆಲ್ಬರ್ನಿನಿಂದ ಚಿನ್ನವನ್ನೂ ಪ್ರಯಾಣಿಕರನ್ನೂ ಹೊತ್ತು ಬರುತ್ತಿದ್ದ ರಾಯಲ್ ಚಾರ್ಟರ್ ಎಂಬ ಉಕ್ಕಿನಂತೆ ದೃಢವಾದ ಹಡಗು ಲಿವರ್‌ಪೂಲಿನ ಸಮೀಪಕ್ಕೆ ಬಂದಿತ್ತು. ಪ್ರಪಂಚದ ಅರ್ಧಭಾಗವನ್ನು ಸುತ್ತಿ ಬಂದವರಿಗೆ ಮನೆಯ ಬಾಗಿಲು ಕಾಣುತ್ತಿದ್ದ ಹೊತ್ತು ಅದು. 25ರ ರಾತ್ರಿ ಎದ್ದ ಚಂಡಮಾರುತವು ಅದನ್ನು ಆಂಗ್ಲ್‌ಸಿ ದ್ವೀಪದ ಬಂಡೆಗಳಿಗೆ ಅಪ್ಪಳಿಸಿ ಒಡೆಯಿತು. ಸುಮಾರು 450 ಮಂದಿ ಮಡಿದರು. ಉಳಿದವರಲ್ಲಿ ಒಬ್ಬ ಹೆಂಗಸಾಗಲಿ, ಒಂದು ಮಗುವಾಗಲಿ ಇರಲಿಲ್ಲ. ಅದೇ ಬಿರುಗಾಳಿಯಲ್ಲಿ ಬ್ರಿಟನ್ನಿನ ಸುತ್ತಲೂ ನೂರಕ್ಕೂ ಮಿಕ್ಕಿ ಹಡಗುಗಳು ಮುಳುಗಿದವು.

ಫಿಟ್ಜ್‌ರಾಯ್ ದೀಪಸ್ತಂಭಗಳಿಂದಲೂ ಹಡಗುಗಳಿಂದಲೂ ಅಂಕಿಗಳನ್ನು ತರಿಸಿ ಆ ಬಿರುಗಾಳಿಯ ನಕ್ಷೆಗಳನ್ನು ಬರೆದನು. ಧ್ರುವದ ಕಡೆಯ ತಣ್ಣನೆಯ ಗಾಳಿಯೂ ಉಷ್ಣವಲಯದ ಕಡೆಯ ಬಿಸಿ ತೇವದ ಗಾಳಿಯೂ ಎದುರಾದೆಡೆಯಲ್ಲಿ ಸುಳಿಯು ಹುಟ್ಟಿ, ಅದು ಸ್ಥಳದಿಂದ ಸ್ಥಳಕ್ಕೆ ಸಾಗಿತೆಂಬುದು ಅವನಿಗೆ ಹೊಳೆಯಿತು. ಅರ್ಧಶತಮಾನಕ್ಕೂ ಹೆಚ್ಚು ಕಾಲದ ನಂತರ ನಾರ್ವೆಯ ವಿಜ್ಞಾನಿಗಳು ಸ್ಥಾಪಿಸಿದ ಸಿದ್ಧಾಂತದ ಹೊಳಹು ಇದರಲ್ಲಿತ್ತು. ಬಿರುಗಾಳಿಯು ಸಾಗುವುದಾದರೆ ಅದಕ್ಕಿಂತ ವೇಗವಾಗಿ ಸಾಗುವ ದೂತನು ಬೇಕು. ಅಂಥ ದೂತನು ಆಗಲೇ ಇದ್ದನು; ಅದು ವಿದ್ಯುತ್ ತಂತಿ.

1860ರಿಂದ ಸುಮಾರು ಹದಿನೈದು ತೀರದ ಠಾಣ್ಯಗಳು ಪ್ರತಿದಿನ ಬೆಳಿಗ್ಗೆ ಲಂಡನ್ನಿಗೆ ತಂತಿಯ ಮೂಲಕ ಹವೆಯ ವರದಿಯನ್ನು ಕಳುಹಿಸತೊಡಗಿದವು. 1861ರ ಫೆಬ್ರವರಿಯಲ್ಲಿ ಬಿರುಗಾಳಿಯ ಎಚ್ಚರಿಕೆಗಳು ಆರಂಭವಾದವು. ಅಪಾಯದ ತಂತಿ ತಲಪಿದೊಡನೆ ಬಂದರಿನ ಕಂಬದ ಮೇಲೆ ಬಟ್ಟೆಯ ಶಂಕುವನ್ನು ಏರಿಸುವರು. ಶಂಕುವಿನ ತುದಿ ಮೇಲಾಗಿದ್ದರೆ ಉತ್ತರದ ಬಿರುಗಾಳಿ, ಕೆಳಗಾಗಿದ್ದರೆ ದಕ್ಷಿಣದ್ದು. ಡೋಲಿನ ಆಕಾರದ ಚಿಹ್ನೆಯೊಂದೇ ಇದ್ದರೆ ಒಂದಾದ ಮೇಲೊಂದು ದಿಕ್ಕಿನಿಂದ ಬೀಸುವ ಗಾಳಿ. ಶಂಕುವಿನೊಡನೆ ಡೋಲೂ ಇದ್ದರೆ ಘೋರವಾದ ಬಿರುಗಾಳಿ. ಅದೇ ವರ್ಷದ ಆಗಸ್ಟ್ 1ರಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಸಾರ್ವಜನಿಕರಿಗಾಗಿ ಮೊದಲ ಹವಾಮಾನ ಮುನ್ಸೂಚನೆಯು ಅಚ್ಚಾಯಿತು. ಇದು ಕಣಿಯೂ ಅಲ್ಲ, ಭವಿಷ್ಯವಾಣಿಯೂ ಅಲ್ಲ, ಅಂಕಿಗಳಿಂದ ತರ್ಕಿಸಿದ ಅಭಿಪ್ರಾಯವೆಂಬುದನ್ನು ಸ್ಪಷ್ಟಪಡಿಸಲೆಂದೇ ಅವನು ಇದಕ್ಕೆ ಹೊಸ ಹೆಸರನ್ನು ಆರಿಸಿಕೊಂಡನು. ತನ್ನ ಅರಿವನ್ನೆಲ್ಲ 1863ರಲ್ಲಿ ಹವೆಯನ್ನು ಕುರಿತ ಗ್ರಂಥವೊಂದರಲ್ಲಿ ಸಂಗ್ರಹಿಸಿದನು.

ಆದರೆ ಜನರ ನಿರೀಕ್ಷೆಯು ಶಾಸ್ತ್ರದ ಶಕ್ತಿಯನ್ನು ಮೀರಿತ್ತು. ಹದಿನೈದು ಠಾಣ್ಯಗಳ ವರದಿಯಿಂದ ಅಟ್ಲಾಂಟಿಕ್ ಮಹಾಸಾಗರದ ಗುಟ್ಟನ್ನು ಬಿಡಿಸುವುದು ಸುಲಭವಲ್ಲ. ಸೂಚನೆಗಳು ಹಲವು ಬಾರಿ ತಪ್ಪಿದವು. ಚಿಹ್ನೆ ಏರಿ ಗಾಳಿ ಬಾರದಿದ್ದರೆ ದೋಣಿಗಳು ದಡದಲ್ಲಿ ನಿಂತು ಒಡೆಯರಿಗೆ ನಷ್ಟ, ಅವರು ಸಿಡಿಮಿಡಿಗೊಂಡರು. ಪತ್ರಿಕೆಗಳು ಹಾಸ್ಯ ಮಾಡಿದವು. ಸಿದ್ಧಾಂತವು ದೃಢವಾಗುವ ಮುನ್ನವೇ ಅದನ್ನು ಬಳಸಿದುದು ತಪ್ಪೆಂದು ವಿಜ್ಞಾನಿಗಳು ದೂರಿದರು. ತಪ್ಪಿದ ಸೂಚನೆಯು ಎಲ್ಲರಿಗೂ ಕಾಣುತ್ತದೆ. ಸೂಚನೆಯನ್ನು ನಂಬಿ ಕಡಲಿಗಿಳಿಯದೆ ಬದುಕಿದವನ ಲೆಕ್ಕವನ್ನು ಯಾವ ಪುಸ್ತಕದಲ್ಲಿಯೂ ಬರೆಯುವುದಿಲ್ಲ. ಎಚ್ಚರಿಸುವವನ ಪಾಡೇ ಅಂಥದು. ಇತ್ತ ಅವನ ಸ್ವಂತ ಸಂಪತ್ತು ಸಾರ್ವಜನಿಕ ಕಾರ್ಯಗಳಲ್ಲಿ ಕರಗಿಹೋಗಿತ್ತು; ಕಿವಿ ಮಂದವಾಯಿತು, ದೇಹ ಬಳಲಿತು, ಮನಸ್ಸು ಕುಸಿಯಿತು. 1865ರ ಏಪ್ರಿಲ್ 30ರಂದು, ತನ್ನ ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಅವನು ತನ್ನ ಪ್ರಾಣವನ್ನು ತಾನೇ ನೀಗಿಕೊಂಡನು. ಸಾವಿರಾರು ಜನರನ್ನು ಕಡಲಿನಿಂದ ಕಾಯಲು ಹವಣಿಸಿದವನ ಒಳಗಿನ ಬಿರುಗಾಳಿಯನ್ನು ಕಾಲಕ್ಕೆ ಗುರುತಿಸಿ ಕೈಹಿಡಿಯುವವರು ಇಲ್ಲದೆ ಹೋದುದು ಮರೆಯಲಾಗದ ಶೋಕ.

ಅವನ ಮರಣಾನಂತರ ಗಾಲ್ಟನ್ ಎಂಬ ವಿದ್ವಾಂಸನ ಅಧ್ಯಕ್ಷತೆಯ ಸಮಿತಿಯು ವಿಚಾರಣೆ ನಡೆಸಿತು. 1866ರಲ್ಲಿ ಮುನ್ಸೂಚನೆಗಳೂ ಎಚ್ಚರಿಕೆಗಳೂ ನಿಂತುಹೋದವು. ಆಗ ದನಿಯೆತ್ತಿದವರು ಪಂಡಿತರಲ್ಲ, ಬಂದರುಗಳ ಜನ. ಅವರ ಒತ್ತಾಯಕ್ಕೆ ಮಣಿದು ಸರಕಾರವು ಬಿರುಗಾಳಿಯ ಎಚ್ಚರಿಕೆಗಳನ್ನು ಕೆಲಕಾಲದಲ್ಲಿಯೇ ಮತ್ತೆ ಆರಂಭಿಸಿತು; 1879ರಲ್ಲಿ ಪತ್ರಿಕೆಗಳ ಮುನ್ಸೂಚನೆಯೂ ಮರಳಿತು.

ಭರತಖಂಡದ ಕತೆಯೂ ಇದಕ್ಕೆ ಹೊಂದಿಕೊಂಡಿದೆ. ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್‌ಟನ್ ಹಾವಿನ ಸುತ್ತನ್ನು ಸೂಚಿಸುವ ಗ್ರೀಕ್ ಪದದಿಂದ ಸೈಕ್ಲೋನ್ ಎಂಬ ಹೆಸರನ್ನು ಸೃಷ್ಟಿಸಿ 1848ರಲ್ಲಿ ಬಳಕೆಗೆ ತಂದಿದ್ದನು. 1864ರ ಅಕ್ಟೋಬರದಲ್ಲಿ ಅದೇ ನಗರಕ್ಕೆ ಎರಗಿದ ಚಂಡಮಾರುತವೂ, ಅನಂತರದ ಮುಂಗಾರಿನ ವೈಫಲ್ಯಗಳೂ 1875ರಲ್ಲಿ ಭಾರತೀಯ ಹವಾಮಾನ ಇಲಾಖೆಯ ಸ್ಥಾಪನೆಗೆ ಕಾರಣವಾದವು. ಇಂದು ಅರಬ್ಬೀ ಸಮುದ್ರದಲ್ಲಿ ಸುಳಿಯೆದ್ದಾಗ ಮಂಗಳೂರು, ಕಾರವಾರ ಬಂದರುಗಳಿಗೆ ಅಪಾಯ ಸಂಕೇತದ ಆದೇಶವು ಬರುತ್ತದೆ. ಬೆಸ್ತರು ಕಡಲಿಗಿಳಿಯದಂತೆ ಸೂಚನೆ ಹೊರಡುತ್ತದೆ. ಉಪಗ್ರಹಗಳೂ ರೇಡಾರ್‌ಗಳೂ ಈಗ ಕಣ್ಣಾಗಿವೆ. ಆದರೂ ದೂರದ ಅಪಾಯವನ್ನು ಮೊದಲೇ ಅರಿತು ತೀರಕ್ಕೆ ತಿಳಿಸಬೇಕೆಂಬ ಧರ್ಮವು ಆ ಶಂಕು ಡೋಲುಗಳ ಕಾಲದ್ದೇ.

2002ರಲ್ಲಿ ಬ್ರಿಟನ್ನಿನ ನೌಕಾ ಹವಾವರದಿಯಲ್ಲಿ ಬರುವ ಫಿನಿಸ್ಟೆರೆ ಎಂಬ ಕಡಲಿನ ವಲಯಕ್ಕೆ ಫಿಟ್ಜ್‌ರಾಯನ ಹೆಸರನ್ನಿಟ್ಟರು. ಅಂದಿನಿಂದ ದಿನದಿನವೂ ಆ ಹೆಸರು ನಾವಿಕರ ಕಿವಿಗೆ ಬೀಳುತ್ತಲಿದೆ. ಬಾಳಿನಲ್ಲಿ ನಿಂದೆಯನ್ನು ಉಂಡವನಿಗೆ ಕಾಲವು ಸಲ್ಲಿಸಿದ ಕಾಣಿಕೆ ಅದು. ಕಲಿಸುವವರೂ ಕಲಿಯುವವರೂ ಅವನ ಬಾಳಿನಿಂದ ಗ್ರಹಿಸಬೇಕಾದ ತಿರುಳೊಂದುಂಟು: ಪೂರ್ಣವಾದ ಅರಿವು ಬರಲೆಂದು ಕಾಯುತ್ತ ಕುಳಿತರೆ ಕೆಲವು ಪ್ರಾಣಗಳು ಉಳಿಯುವುದಿಲ್ಲ. ಇದ್ದಷ್ಟು ಅರಿವನ್ನು ಪ್ರಾಮಾಣಿಕವಾಗಿ ಲೋಕದ ಹಿತಕ್ಕೆ ಸಲ್ಲಿಸಿ, ತಪ್ಪಿದಾಗ ತಿದ್ದಿಕೊಳ್ಳುತ್ತ ಮುಂದುವರಿಯುವುದೇ ವಿದ್ಯೆಯ ಸಾರ್ಥಕತೆ.