ಕಾಲು ಊದಿದರೆ ನೀರು ಕುಡಿದದ್ದೇ ಕಾರಣವೇ? ಸ್ಟಾರ್ಲಿಂಗ್ ಕಂಡುಕೊಂಡ ಉತ್ತರ

ಕಾಲು ಊದಿದವರಿಗೆ ನೀರು ಕುಡಿಯುವುದನ್ನು ಕಡಿಮೆ ಮಾಡಿ ಎಂದು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಆದರೆ ರಕ್ತದಲ್ಲಿನ ನೀರು ನಾಳದಾಚೆ ಹೋಗಿ ನಿಲ್ಲುವುದೇಕೆ? ಇದನ್ನು ಬಿಡಿಸಿಟ್ಟವರು ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಅರ್ನೆಸ್ಟ್ ಸ್ಟಾರ್ಲಿಂಗ್.

1866ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅವರು ಗೈಸ್ ಆಸ್ಪತ್ರೆಯಲ್ಲಿ ವೈದ್ಯಕೀಯ ಓದಿದರು. 1892ರಲ್ಲಿ ಬ್ರೆಸ್ಲಾವ್‌ಗೆ ಹೋಗಿ ಹೈಡನ್‌ಹೈನ್ ಅವರ ಪ್ರಯೋಗಾಲಯ ಸೇರಿದರು. ರಕ್ತದ ಲೋಮನಾಳಗಳ ಕೋಶಗಳೇ ದುಗ್ಧರಸವನ್ನು ಸ್ರವಿಸುತ್ತವೆ ಎಂಬುದು ಹೈಡನ್‌ಹೈನ್ ಅವರ ವಾದ. ಸ್ಟಾರ್ಲಿಂಗ್ ಅದೇ ಪ್ರಯೋಗಗಳನ್ನು ಮುಂದುವರಿಸಿ, ಬೇರೆಯೇ ತೀರ್ಮಾನಕ್ಕೆ ಬಂದರು.

ನಾಯಿಯ ಹಿಂಗಾಲಿನ ಅಂಗಾಂಶಕ್ಕೆ ಅವರು ಉಪ್ಪುನೀರು ಸೇರಿಸಿದಾಗ ರಕ್ತ ಅದನ್ನು ಹೀರಿಕೊಂಡಿತು. ಪ್ರೋಟೀನ್ ಇರುವ ಸೀರಮ್ ಸೇರಿಸಿದಾಗ ಹೀರಲಿಲ್ಲ. 1896ರಲ್ಲಿ ಅವರು ಇದರ ಕಾರಣ ವಿವರಿಸಿದರು: ರಕ್ತದ ಒತ್ತಡ ನೀರನ್ನು ನಾಳದಿಂದ ಹೊರಕ್ಕೆ ತಳ್ಳುತ್ತದೆ, ರಕ್ತದ ಪ್ರೋಟೀನ್ ಒಳಕ್ಕೆ ಎಳೆಯುತ್ತದೆ.

ಹೊರಗುಳಿದ ನೀರನ್ನೂ ಸೋರಿದ ಪ್ರೋಟೀನನ್ನೂ ದುಗ್ಧನಾಳಗಳು ಕತ್ತಿನ ಬುಡದ ಅಭಿಧಮನಿಗಳಿಗೆ ಮರಳಿಸುತ್ತವೆ. ಸೋರಿದ ನೀರಿನ ಬಹುಪಾಲು ಈ ದಾರಿಯಲ್ಲೇ ಮರಳುತ್ತದೆ ಎಂದು ನಂತರದ ಸಂಶೋಧನೆಗಳು ಸ್ಟಾರ್ಲಿಂಗ್ ಲೆಕ್ಕವನ್ನು ತಿದ್ದಿವೆ. ಫೈಲೇರಿಯಾ ಹುಳುಗಳು ದುಗ್ಧನಾಳಗಳನ್ನು ಕೆಡಿಸಿದಾಗ ಆನೆಕಾಲು ಬರುವುದು ಇದರಿಂದಲೇ.

1905ರಲ್ಲಿ ಹಾರ್ಮೋನ್ ಎಂಬ ಪದವನ್ನು ಬಳಕೆಗೆ ತಂದವರೂ ಸ್ಟಾರ್ಲಿಂಗ್ ಅವರೇ. 1927ರಲ್ಲಿ ಜಮೈಕಾ ಸಮೀಪ ಹಡಗಿನಲ್ಲಿದ್ದಾಗ ಅವರು ತೀರಿಕೊಂಡರು.

ಹಾಗಾಗಿ ಊತಕ್ಕೆ ನೀರೊಂದೇ ಕಾರಣವೆಂದು ತಿಳಿಯುವುದು ತಪ್ಪು. ಹೃದಯ, ಮೂತ್ರಪಿಂಡ, ಯಕೃತ್ತು, ಪ್ರೋಟೀನ್ ಕೊರತೆ, ದುಗ್ಧನಾಳದ ತಡೆ ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು. ನೀರು ಎಷ್ಟು ಕುಡಿಯಬೇಕೆಂಬುದು ಆ ಕಾರಣ ತಿಳಿದ ಮೇಲೆ ವೈದ್ಯರು ಹೇಳಬೇಕಾದ ಮಾತು.