ಜಾನ್ ವುಲ್ಮನ್ ಎಂಬ ದರ್ಜಿಯ ಚರಿತ್ರೆ

ಭಾನುವಾರ ದೇವಾಲಯದಲ್ಲಿ ನಾವು ಅರಿಕೆಮಾಡುವ ನಂಬಿಕೆಯು ಸೋಮವಾರ ಸಂತೆಯಲ್ಲಿಯೂ ಹೊಲದಲ್ಲಿಯೂ ನಮ್ಮ ಸಂಗಡ ಬರುವದೋ ಇಲ್ಲವೋ ಎಂಬದನ್ನು ನಾವೆಲ್ಲರೂ ನಮ್ಮನ್ನೇ ಕೇಳಿಕೊಳ್ಳತಕ್ಕದ್ದು. ಈ ಪ್ರಶ್ನೆಗೆ ತನ್ನ ನಡತೆಯಿಂದಲೇ ಉತ್ತರಕೊಟ್ಟ ಒಬ್ಬ ದರ್ಜಿಯ ಚರಿತ್ರೆಯನ್ನು ಈ ಸಾರಿ ನಿಮ್ಮ ಮುಂದೆ ಇಡುತ್ತೇವೆ. ಆತನು ಸಂಬಳ ಪಡೆಯುವ ಬೋಧಕನಲ್ಲ, ಐಶ್ವರ್ಯವಂತನಲ್ಲ, ಅಧಿಕಾರಿಯೂ ಅಲ್ಲ. ತನ್ನ ಕೈಕೆಲಸದಿಂದ ಬದುಕಿದವನು. ಆದರೂ ಆತನ ಬಾಳು ಒಂದು ಸಭೆಯ ಮನಸ್ಸನ್ನೇ ತಿರುಗಿಸಿತು.

ಜಾನ್ ವುಲ್ಮನನು 1720ನೆಯ ಇಸವಿ ಅಕ್ಟೋಬರ್ 19ರಲ್ಲಿ ಉತ್ತರ ಅಮೇರಿಕದ ನ್ಯೂ ಜೆರ್ಸಿ ಎಂಬ ಸೀಮೆಯಲ್ಲಿ ಒಬ್ಬ ರೈತನ ಮಗನಾಗಿ ಹುಟ್ಟಿದನು. ಆಗ ಆ ಸೀಮೆಯು ಆಂಗ್ಲರ ಅಧೀನದಲ್ಲಿತ್ತು. ಆತನ ಮನೆಯವರು ಕ್ವೇಕರರೆಂಬ ಕ್ರೈಸ್ತ ಪಂಗಡಕ್ಕೆ ಸೇರಿದವರು. ಈ ಪಂಗಡದವರು ತಮ್ಮನ್ನು ಸ್ನೇಹಿತರೆಂದು ಕರೆದುಕೊಳ್ಳುವರು. ಆರಾಧನೆಯಲ್ಲಿ ಮೌನವಾಗಿ ಕುಳಿತು ದೇವರಾತ್ಮನ ಪ್ರೇರಣೆಗಾಗಿ ಕಾದಿರುವರು.

ಜಾನನು ಬಾಲಕನಾಗಿದ್ದಾಗ ಒಂದು ದಿನ ದಾರಿಯಲ್ಲಿ ರಾಬಿನ್ ಎಂಬ ಹಕ್ಕಿಯು ತನ್ನ ಗೂಡಿನ ಬಳಿಯಲ್ಲಿರುವದನ್ನು ಕಂಡು, ಆಟಕ್ಕೆ ಕಲ್ಲೆಸೆದು ಅದನ್ನು ಕೊಂದುಬಿಟ್ಟನು. ಮೊದಲು ಸಂತೋಷವಾಯಿತು, ಕೂಡಲೆ ಎದೆ ನಡುಗಿತು. ತಾಯಿಯಿಲ್ಲದೆ ಮರಿಗಳು ಹಸಿವಿನಿಂದ ನರಳಿ ಸಾಯುವವೆಂದು ತಿಳಿದು, ದುಃಖಪಡುತ್ತಲೇ ಮರವನ್ನು ಹತ್ತಿ ಅವುಗಳನ್ನೂ ಕೊಲ್ಲಬೇಕಾಯಿತು. ಯೋಚಿಸದೆ ಮಾಡಿದ ಒಂದು ಕ್ರೂರಕಾರ್ಯವು ಹೇಗೆ ಇನ್ನೊಂದಕ್ಕೆ ಎಳೆಯುತ್ತದೆಂಬದನ್ನು ಆತನು ಎಂದಿಗೂ ಮರೆಯಲಿಲ್ಲ.

ಪ್ರಾಯಕ್ಕೆ ಬಂದ ಮೇಲೆ, 21ನೆಯ ವಯಸ್ಸಿನಲ್ಲಿ, ಮೌಂಟ್ ಹಾಲಿ ಎಂಬ ಊರಿನ ವರ್ತಕನೊಬ್ಬನ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದನು. ಆ ಕಾಲದಲ್ಲಿ ಆಫ್ರಿಕ ಖಂಡದ ಜನರನ್ನು ಹಡಗುಗಳಲ್ಲಿ ತುಂಬಿ ತಂದು ದನಗಳಂತೆ ಮಾರುತ್ತಿದ್ದರು. ಕ್ರೈಸ್ತರು ಅವರನ್ನು ಕೊಳ್ಳುತ್ತಿದ್ದರು. ಕ್ವೇಕರರಲ್ಲಿಯೂ ಅನೇಕರು ಗುಲಾಮರನ್ನು ಇಟ್ಟುಕೊಂಡಿದ್ದರು. ಒಂದು ದಿನ ಯಜಮಾನನು ತನ್ನ ಬಳಿಯಿದ್ದ ಗುಲಾಮ ಹೆಂಗಸೊಬ್ಬಳನ್ನು ಮಾರಿ, ಕ್ರಯಪತ್ರವನ್ನು ಬರೆಯುವಂತೆ ಜಾನನಿಗೆ ಹೇಳಿದನು. ಕೊಳ್ಳುವವನು ಎದುರಿನಲ್ಲಿಯೇ ಕಾದಿದ್ದನು. ಅವನು ವೃದ್ಧನು, ಅದೇ ಸಭೆಯವನು. ಜಾನನ ಮನಸ್ಸು ಕಲಕಿತು. ಆದರೆ ತಾನು ಕೂಲಿಯವನು, ಹೇಳಿದವನು ಯಜಮಾನನು, ಕೊಳ್ಳುವವನು ಒಳ್ಳೆಯವನು ಎಂದು ಎಣಿಸಿ ಬರೆದುಕೊಟ್ಟನು. ಆದರೂ ಸುಮ್ಮನಿರಲಾರದೆ, ಮನುಷ್ಯರನ್ನು ಗುಲಾಮರನ್ನಾಗಿ ಇಟ್ಟುಕೊಳ್ಳುವದು ಕ್ರೈಸ್ತಮತಕ್ಕೆ ತಕ್ಕದ್ದಲ್ಲವೆಂದು ಆ ಇಬ್ಬರ ಮುಂದೆಯೇ ಹೇಳಿದನು.

ಹೇಳಿದ್ದರಿಂದ ಮನಸ್ಸಿನ ಭಾರ ಸ್ವಲ್ಪ ಇಳಿಯಿತೇ ಹೊರತು ಪೂರ್ತಿಯಾಗಿ ಹೋಗಲಿಲ್ಲ. ಯಾಕಂದರೆ ಬಾಯಿ ಬೇಡವೆಂದಿತು, ಕೈಯಾದರೋ ಬರೆಯಿತು. ಕೆಲವು ಕಾಲದ ಮೇಲೆ ಸಭೆಯ ಯುವಕನೊಬ್ಬನು ಇಂಥದೇ ಇನ್ನೊಂದು ಪತ್ರಕ್ಕಾಗಿ ಬಂದಾಗ, ಜಾನನು ತನ್ನಿಂದಾಗದೆಂದು ಸ್ನೇಹದಿಂದಲೇ ತಿಳಿಸಿದನು. ಆಗ ಆ ಯುವಕನು, ಗುಲಾಮರನ್ನಿಟ್ಟುಕೊಳ್ಳುವದು ತನ್ನ ಮನಸ್ಸಿಗೂ ಪೂರ್ತಿಯಾಗಿ ಒಪ್ಪಿಗೆಯಿಲ್ಲವೆಂದು ಅರಿಕೆಮಾಡಿದನು. ವಾಚಕರೇ, ಇದನ್ನು ಗಮನಿಸಿರಿ. ಅನೇಕರ ಹೃದಯದಲ್ಲಿ ಸತ್ಯವು ಅಡಗಿರುತ್ತದೆ. ಯಾರಾದರೂ ಒಬ್ಬನು ದ್ವೇಷವಿಲ್ಲದೆ ಎದುರುನಿಂತರೆ ಅದು ಹೊರಗೆ ಬರುತ್ತದೆ.

ವುಲ್ಮನನು ದರ್ಜಿಯ ಕೆಲಸವನ್ನು ಕಲಿತು ಸ್ವಂತ ಅಂಗಡಿಯನ್ನು ಇಟ್ಟನು. 1749ರಲ್ಲಿ ಸಾರಾ ಎಂಬಾಕೆಯನ್ನು ಮದುವೆಯಾದನು. ಬಟ್ಟೆ ಹೊಲಿಯುವದರ ಸಂಗಡ ಸಾಮಾನುಗಳನ್ನೂ ಮಾರುತ್ತಿದ್ದನು. ವ್ಯಾಪಾರವು ವರುಷ ವರುಷಕ್ಕೆ ಬೆಳೆಯಿತು. ಇತರರು ಇದನ್ನು ದೇವರ ಆಶೀರ್ವಾದವೆಂದೇ ಎಣಿಸುವರು. ಆತನಾದರೋ ಹೆಚ್ಚು ವ್ಯಾಪಾರವು ಹೆಚ್ಚು ಚಿಂತೆಯನ್ನು ತರುತ್ತದೆಂದೂ, ಬಡವರು ಅವಶ್ಯವಿಲ್ಲದ ಬೆಲೆಯುಳ್ಳ ವಸ್ತುಗಳನ್ನು ಸಾಲವಾಗಿ ಕೊಂಡು ಕಷ್ಟಕ್ಕೆ ಸಿಕ್ಕುತ್ತಾರೆಂದೂ ಕಂಡನು. ಅಂಥವರಿಗೆ ಕಡಿಮೆ ಬೆಲೆಯ ಉಪಯೋಗವಾದ ವಸ್ತುವನ್ನೇ ಕೊಳ್ಳಬೇಕೆಂದು ಬುದ್ಧಿಹೇಳುತ್ತಿದ್ದನು. ಕಡೆಗೆ 1756ರಲ್ಲಿ ಸಾಮಾನಿನ ವ್ಯಾಪಾರವನ್ನು ಬಿಟ್ಟು, ಸೂಜಿಯ ಕೆಲಸವನ್ನೂ ಸೇಬಿನ ತೋಟವನ್ನೂ ಮಾತ್ರ ಇಟ್ಟುಕೊಂಡನು. ಲಾಭವಿರುವಾಗಲೇ ಅಂಗಡಿಯನ್ನು ಕಡಿಮೆಮಾಡಿದ ವರ್ತಕರನ್ನು ನಾವು ಎಷ್ಟು ಮಂದಿಯನ್ನು ಕಂಡಿದ್ದೇವೆ?

ಆ ಸುಮಾರಿಗೆ ನೆರೆಯವನೊಬ್ಬನು ಪೆಟ್ಟುಬಿದ್ದು ಹಾಸಿಗೆ ಹಿಡಿದು, ತನ್ನ ಮರಣಶಾಸನವನ್ನು ಬರೆಯಬೇಕೆಂದು ಜಾನನನ್ನು ಬೇಡಿದನು. ತನ್ನ ಮನೆಯಲ್ಲಿದ್ದ ಗುಲಾಮ ಹುಡುಗಿಯು ಯಾವ ಮಗುವಿಗೆ ಸೇರಬೇಕೆಂಬದನ್ನೂ ಹೇಳಿದನು. ರೋಗಿಯು ನೋವಿನಲ್ಲಿದ್ದನು, ಬದುಕುವನೋ ಸಾಯುವನೋ ತಿಳಿಯದು. ಜಾನನು ಆ ಒಂದು ಮಾತನ್ನು ಬಿಟ್ಟು ಉಳಿದದ್ದನ್ನೆಲ್ಲಾ ಬರೆದು ಹಾಸಿಗೆಯ ಬಳಿಯಲ್ಲಿ ಓದಿದನು. ಬಳಿಕ, ಒಬ್ಬ ಮನುಷ್ಯಳನ್ನು ಗುಲಾಮಳಾಗಿಡುವ ಬರಹವನ್ನು ತನ್ನ ಕೈ ಬರೆಯಲಾರದೆಂದೂ, ಬರೆದುದಕ್ಕೆ ಹಣ ಬೇಡವೆಂದೂ ಮೃದುವಾಗಿ ತಿಳಿಸಿದನು. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಕಡೆಗೆ ರೋಗಿಯು ಆಕೆಯನ್ನು ಬಿಡುಗಡೆಮಾಡಲು ಒಪ್ಪಿದನು; ಜಾನನು ಪತ್ರವನ್ನು ಮುಗಿಸಿದನು. ಬರೆಯದೆ ಬಿಟ್ಟ ಆ ಒಂದು ಸಾಲಿನಲ್ಲಿ ಆ ಹುಡುಗಿಯ ಇಡೀ ಬಾಳು ಇತ್ತು.

ಗುಲಾಮರು ಬಹಳವಾಗಿದ್ದ ದಕ್ಷಿಣದ ಸೀಮೆಗಳಲ್ಲಿಯೂ ಆತನು ಸಂಚರಿಸಿದನು. 1754ರಲ್ಲಿ ಈ ವಿಷಯವಾಗಿ ಒಂದು ಪುಸ್ತಕವನ್ನೂ 1762ರಲ್ಲಿ ಅದರ ಎರಡನೆಯ ಭಾಗವನ್ನೂ ಅಚ್ಚುಹಾಕಿಸಿದನು. 1757ರ ಪ್ರಯಾಣದಲ್ಲಿ ಸಭೆಯವರ ಮನೆಗಳಲ್ಲಿ ಇಳಿದುಕೊಂಡಾಗ ಆತನಿಗೆ ಒಂದು ಸಂಕಟವಿತ್ತು: ಅಡಿಗೆಮಾಡಿದವರೂ ನೀರು ಹೊತ್ತವರೂ ಕೂಲಿಯಿಲ್ಲದ ಗುಲಾಮರು. ಆದಕಾರಣ ಹೊರಡುವಾಗ ಸಣ್ಣ ಬೆಳ್ಳಿಯ ನಾಣ್ಯಗಳನ್ನು ಕೆಲವು ಸಾರಿ ಅವರಿಗೇ ಕೊಡುತ್ತಿದ್ದನು. ಕೆಲವು ಸಾರಿ ಅವರಿಗೆ ಮುಟ್ಟಿಸುವಂತೆ ಮನೆಯ ಯಜಮಾನರ ಕೈಯಲ್ಲಿ ಗುಟ್ಟಾಗಿ ಕೊಡುತ್ತಿದ್ದನು. ಅತಿಥಿಯು ಹಣ ಕೊಡುವದು ಯಜಮಾನರಿಗೆ ಅವಮಾನವಾಗಿ ತೋರಬಹುದೆಂದು ಆತನಿಗೆ ತಿಳಿದಿತ್ತು, ನಾಚಿಕೆಯೂ ಆಗುತ್ತಿತ್ತು. ಆದರೂ ಯಾರನ್ನೂ ಬೈಯಲಿಲ್ಲ, ಕೊಡುವದನ್ನು ಬಿಡಲೂ ಇಲ್ಲ.

1758ರಲ್ಲಿ ಫಿಲಡೆಲ್ಫಿಯದಲ್ಲಿ ಕೂಡಿದ ಕ್ವೇಕರರ ವಾರ್ಷಿಕ ಸಭೆಯಲ್ಲಿ ಈ ವಿಷಯವು ಚರ್ಚೆಗೆ ಬಂತು. ಕಾದುನೋಡುವದು ಲೇಸೆಂಬ ಅಭಿಪ್ರಾಯವೂ ಅಲ್ಲಿತ್ತು. ವುಲ್ಮನನು ಎದ್ದು, ನೊಂದವರ ಕೂಗನ್ನು ದೇವರು ಕೇಳುತ್ತಿರುವಾಗ ನಮ್ಮ ಲಾಭಕ್ಕಾಗಿಯೂ ಸ್ನೇಹಿತರ ದಾಕ್ಷಿಣ್ಯಕ್ಕಾಗಿಯೂ ಕರ್ತವ್ಯವನ್ನು ತಡಮಾಡಬಾರದೆಂಬ ಅರ್ಥದಲ್ಲಿ ಮಾತಾಡಿದನು. ಗುಲಾಮರನ್ನಿಟ್ಟುಕೊಂಡವರ ಮನೆಮನೆಗೂ ಹೋಗಿ ಬುದ್ಧಿಹೇಳಲು ಕೆಲವರನ್ನು ಸಭೆಯು ನೇಮಿಸಿತು. ಅವರಲ್ಲಿ ಆತನೂ ಒಬ್ಬನು.

ಕೊನೆಕೊನೆಗೆ ಆತನು ಬಣ್ಣಹಾಕದ ಬಟ್ಟೆಯನ್ನೇ ಉಡುತ್ತಿದ್ದನು. ಬಣ್ಣವು ಕೊಳೆಯನ್ನು ಮುಚ್ಚುತ್ತದೆ, ತೊಳೆಯುವದಿಲ್ಲವೆಂಬದು ಆತನ ಎಣಿಕೆ. ಕೆಲವರು ಆತನನ್ನು ಕಂಡು ದೂರವಾದರು. ಅದರಿಂದ ಆತನಿಗೆ ನೋವಾಯಿತು. 1772ರಲ್ಲಿ ಇಂಗ್ಲೆಂಡಿಗೆ ಹೋಗುವಾಗ ಹಡಗಿನ ಅಲಂಕಾರವುಳ್ಳ ಕೋಣೆಯನ್ನು ಬಿಟ್ಟು, ನಾವಿಕರ ಸಂಗಡ ಇಕ್ಕಟ್ಟಾದ ಕೆಳಗಿನ ಸ್ಥಳದಲ್ಲಿದ್ದು ಅವರ ಕಷ್ಟವನ್ನು ತಿಳಿದುಕೊಂಡನು. ಆ ದೇಶದಲ್ಲಿ ವೇಗವಾದ ಗಾಡಿಗಳಿಗಾಗಿ ಕುದುರೆಗಳು ಬಿದ್ದು ಸಾಯುವವೆಂದೂ, ಗಾಡಿ ನಡಿಸುವ ಹುಡುಗರು ಚಳಿಗಾಲದಲ್ಲಿ ಸೆಟೆದು ಸಾಯುವರೆಂದೂ ಕೇಳಿ, ಗಾಡಿಯನ್ನು ಹತ್ತದೆ ಕಾಲುನಡಿಗೆಯಿಂದಲೇ ಊರೂರಿಗೆ ಹೋದನು. ಯಾರ್ಕ್ ಪಟ್ಟಣದಲ್ಲಿ ಸಿಡುಬುರೋಗವು ತಗಲಿ, ಅದೇ ವರುಷ ಅಕ್ಟೋಬರ್ 7ರಲ್ಲಿ, 51ನೆಯ ವಯಸ್ಸಿನಲ್ಲಿ ಕರ್ತನಲ್ಲಿ ನಿದ್ರೆಹೋದನು. ತನ್ನ ಬಟ್ಟೆಗಳಿಂದಲೇ ಹೂಣುವ ಖರ್ಚನ್ನು ತೀರಿಸಬೇಕೆಂದು ಮೊದಲೇ ಹೇಳಿಟ್ಟಿದ್ದನು.

ಆತನು ತೀರಿಹೋಗಿ 4 ವರುಷಗಳಾದ ಮೇಲೆ, 1776ರಲ್ಲಿ, ಗುಲಾಮರನ್ನು ಬಿಡಲೊಪ್ಪದವರು ಸಭೆಯಲ್ಲಿರಕೂಡದೆಂದು ಫಿಲಡೆಲ್ಫಿಯದ ಕ್ವೇಕರರು ತೀರ್ಮಾನಿಸಿದರು. ಅಮೇರಿಕ ದೇಶವು ಇಡೀ ಗುಲಾಮತನವನ್ನು ತೆಗೆದುಹಾಕಿದ್ದು 1865ರಲ್ಲಿ. ಬೀಜವು ಮಣ್ಣಿನಲ್ಲಿ ಬಹುಕಾಲವಿದ್ದರೂ ವ್ಯರ್ಥವಾಗಲಿಲ್ಲ.

ಪ್ರಿಯರೇ, ನಮ್ಮ ಕೈಗೂ ದಿನಾಲು ಒಂದೊಂದು ಪತ್ರವು ಬರುತ್ತದೆ. ಓದುಬಾರದವನು ಹೆಬ್ಬೆಟ್ಟು ಒತ್ತುವ ಸಾಲದ ಕಾಗದ, ಕೂಲಿಯವಳ ಸಂಜೆಯ ಲೆಕ್ಕ, ಅಳತೆಯ ಸೇರು, ನೆರೆಯವನ ಹೊಲದ ಬದು, ಇವುಗಳ ಮುಂದೆ ನಮ್ಮ ಕೈ ಏನು ಮಾಡುತ್ತದೋ ಅದೇ ನಮ್ಮ ಸಾಕ್ಷಿ. ಎಲ್ಲರೂ ಮಾಡುತ್ತಾರೆ, ಯಜಮಾನನು ಹೇಳಿದನು ಎಂಬ ಮಾತಿನ ಹಿಂದೆ ನಾವು ಅಡಗಿಕೊಳ್ಳದೆ ಇರೋಣ. ಬೇಡವೆನ್ನಬೇಕಾದಲ್ಲಿ ಬೇಡವೆನ್ನೋಣ, ಹಾಗೆನ್ನುವಾಗ ಎದುರಿನವನನ್ನು ಸಹೋದರನೆಂದು ಪ್ರೀತಿಸೋಣ, ನಷ್ಟವು ಬಂದರೆ ಮೊದಲು ನಾವೇ ಹೊರೋಣ. ಇದಕ್ಕೆ ಬೇಕಾದ ಧೈರ್ಯವನ್ನೂ ಸಾತ್ವಿಕತ್ವವನ್ನೂ ಕರ್ತನು ನಮ್ಮ ಪ್ರತಿಯೊಂದು ಮನೆಗೂ ದಯಪಾಲಿಸಲಿ.